ಕೆಂಪು ಗುರುತಿನ ಬಾಗಿಲು

ಮಂಗಳವಾರ ಬೆಳಿಗ್ಗೆ ನಗರ ಪುನರಭಿವೃದ್ಧಿ ಕಚೇರಿಯ ಬುಲ್ಡೋಜರು ಗೋದಾಮು ಬೀದಿಯ ಬಲಬದಿಯ ಒಂದು ಮನೆಯನ್ನು ಕೆಡವಿತು. ಕೆಡವಬೇಕಾದ ಮನೆಗಳಲ್ಲಿ ಅದು ಇರಲಿಲ್ಲ. ಒಳಗೆ ಒಬ್ಬ ಮುದುಕ ಮಲಗಿದ್ದ.

ಠಾಣೆಗೆ ದೂರು ಬಂದಾಗ ಹನ್ನೊಂದೂಕಾಲು. ದೂರು ತಂದವಳು ಆ ಮನೆಯ ಟೈಲರ್. ಮೈಗೆಲ್ಲ ಸುಣ್ಣದ ಧೂಳು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿದ ಬಟ್ಟೆಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸಿ ವಾಪಸು ಬರುವಷ್ಟರಲ್ಲಿ ಅವಳ ಮನೆಯಿದ್ದ ಕಡೆ ಹಿಂದಿನ ಬೀದಿ ಕಾಣುತ್ತಿತ್ತು. ಒಳಗಿದ್ದದ್ದು ಅವಳ ಮಾವ, ತೀರಿಕೊಂಡ ಗಂಡನ ಅಪ್ಪ. ಜನ ಅವನನ್ನು ಇಟ್ಟಿಗೆಯಡಿಯಿಂದ ಎಳೆದು ಆಂಬುಲೆನ್ಸಿಗೆ ಹತ್ತಿಸಿದ್ದರು. ಪಕ್ಕದ ಮನೆಯಾಕೆಯನ್ನು ಆಸ್ಪತ್ರೆಗೆ ಕಳಿಸಿ ಇವಳು ನೆಟ್ಟಗೆ ಠಾಣೆಗೆ ಬಂದಿದ್ದಳು.

ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಹೆಡ್ ಕಾನ್‌ಸ್ಟೆಬಲ್ ಕೂತಿದ್ದಳು. ಸಹೋದ್ಯೋಗಿಗಳ ಕಾಗುಣಿತ ತಿದ್ದಿ ತಿದ್ದಿ ಠಾಣೆಯವರ ಬಾಯಲ್ಲಿ ಟೀಚರಮ್ಮ ಆಗಿಹೋಗಿದ್ದಳು.

"ಕೂತ್ಕೊಳಮ್ಮ. ನೀರು ಕುಡಿ."

"ನೀರು ಬೇಡಕ್ಕ. ಬರ್ಕೊಳಿ."

"ಬರ್ಕೋತೀನಿ. ಮೊದ್ಲು ಸುಧಾರಿಸ್ಕೋ."

"ಸುಧಾರಿಸ್ಕೊಂಡೇ ಬಂದಿದೀನಿ. ಬರ್ಕೊಳಿ. ನಮ್ಮನೆ ಒಡೆದ್ರು. ನಾವು ಒಪ್ಪಿರ್ಲಿಲ್ಲ."

ಒಳಗಿನ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಆಗಲೇ ಫೋನಿನಲ್ಲಿದ್ದ. ಯೋಜನೆ ಶುರುವಾದ ಮೇಲೆ ಅವನ ಠಾಣೆಗೆ ಬರುವ ಜಗಳಗಳ ಬಗೆಯೇ ಬೇರೆಯಾಗಿತ್ತು. ಬಿದ್ದ ಮನೆಯ ಕಿಟಕಿಗಾಗಿ ಅಣ್ಣತಮ್ಮಂದಿರ ಹೊಡೆದಾಟ, ಮನೆ ಹೋದವರಿಗೆ ಹಾಕಿಕೊಟ್ಟ ಶೆಡ್ಡುಗಳ ನಲ್ಲಿ ಮುಂದೆ ಕೊಡಪಾನದಲ್ಲಿ ತಲೆ ಒಡೆದುಕೊಂಡವರು, ರಾತ್ರೋರಾತ್ರಿ ಮಾಯವಾದ ಪೈಪು. ಎಲ್ಲದರ ಮೂಲವೂ ಪುನರಭಿವೃದ್ಧಿ ಕಚೇರಿಯ ಮೂರನೇ ಮಹಡಿಯಲ್ಲಿತ್ತು. ಆದರೆ ಆ ಮಹಡಿಯವರು ಆರೋಪಿಗಳಾಗಿ ಯಾವತ್ತೂ ಠಾಣೆಗೆ ಬಂದಿರಲಿಲ್ಲ. ಈಗ ಫೋನಿನ ಆ ತುದಿಯಲ್ಲಿ ಅದೇ ಮಹಡಿಯ ಯೋಜನಾಧಿಕಾರಿ ಇದ್ದ.

"ಒಂದು ಸಣ್ಣ ಅಚಾತುರ್ಯ ಆಗಿದೆ ಇನ್‌ಸ್ಪೆಕ್ಟರೇ. ಪರಿಹಾರ ಕೊಟ್ಟು ನಾವೇ ಸರಿ ಮಾಡ್ಕೋತೀವಿ. ಎಫ್‌ಐಆರ್ ಅಂತೆಲ್ಲ ಹೋಗ್ಬೇಡಿ."

"ಒಳಗೆ ಮನುಷ್ಯ ಇದ್ದನಲ್ಲ ಸಾರ್?"

"ಕಾಲಿಗೆ ಪೆಟ್ಟಂತೆ."

"ಕಾಲಿಗೆ ಪೆಟ್ಟಾದ್ರೆ ಎಫ್‌ಐಆರ್ ಆಗತ್ತೆ. ನನಗೂ ಬೇಕಾಗಿಲ್ಲ, ಏನ್ಮಾಡೋದು ಹೇಳಿ."

ಫೋನಿಟ್ಟು ಅವನು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ. ಆಮೇಲೆ ಟೋಪಿ ತೆಗೆದುಕೊಂಡು ಹೊರಗೆ ಬಂದ.

ಮಧ್ಯಾಹ್ನ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಾಗಿ ಮೂಲೆಯ ಅಂಗಡಿಯವನೂ ನಿವೃತ್ತ ಬಸ್ ಕಂಡಕ್ಟರೂ ನಿಂತರು. ಗೋದಾಮು ಬೀದಿ ಯೋಜನೆಯ ಎರಡು ಹಂತಗಳ ನಡುವಿನ ಗಡಿ. ಎಡಬದಿ ಮೊದಲ ಹಂತ. ಅಲ್ಲಿ ಕೊನೆಯ ಕೆಲವು ಗೋಡೆಗಳಷ್ಟೇ ಉಳಿದಿದ್ದವು, ಯಂತ್ರ ಬಂದದ್ದು ಅವಕ್ಕೇ. ಬಲಬದಿ ಎರಡನೇ ಹಂತ. ಅಲ್ಲಿ ಮನೆಗಳು ಒಂದಕ್ಕೊಂದು ಭುಜ ಕೊಟ್ಟು ನಿಂತಿದ್ದವು, ಒಂದು ಕಡೆ ಬಿಟ್ಟು. ಅಲ್ಲಿ ಪಕ್ಕದ ಮನೆಯ ಗೋಡೆ ಬೆತ್ತಲೆಯಾಗಿ ನಿಂತಿತ್ತು, ಟೈಲರಮ್ಮನ ಅಡುಗೆಮನೆಯ ಹೊಗೆಮಸಿ ಅದಕ್ಕೆ ಇನ್ನೂ ಅಂಟಿಕೊಂಡಿತ್ತು. ಹೊಲಿಗೆ ಮಿಶಿನ್ನು ಬೀದಿಯ ನಡುವೆ ಇತ್ತು. ಯಾರೋ ಅದನ್ನು ಎತ್ತಿಟ್ಟು ಮೇಲೆ ಗೋಣಿಚೀಲ ಹೊದಿಸಿದ್ದರು.

ಕೆಡವುವ ಕೆಲಸದ ಮೇಸ್ತ್ರಿ ತಲೆ ಮೇಲೆ ಕೈಹೊತ್ತು ಕಲ್ಲಿನ ಮೇಲೆ ಕೂತಿದ್ದ.

"ಯಾಕೆ ಒಡೆದೆ?" ಎಂದ ಇನ್‌ಸ್ಪೆಕ್ಟರ್.

"ಗುರುತಿತ್ತು ಸಾರ್."

"ನಕ್ಷೆ ನೋಡ್ಲಿಲ್ವಾ?"

"ನಕ್ಷೆ ಆಫೀಸಲ್ಲಿರತ್ತೆ. ನಮಗೆ ಬಾಗ್ಲು. ಬಾಗ್ಲ ಮೇಲೆ ಕೆಂಪು ಸುತ್ತು ಇದ್ರೆ ಒಡೀತೀವಿ, ಇಲ್ದಿದ್ರೆ ಮುಂದಕ್ಕೆ ಹೋಗ್ತೀವಿ. ಶುರುವಿಂದ ಹಂಗೇ."

"ಎಡಬದಿ ಮಾತ್ರ ಒಡೀಬೇಕು ಅಂತ ಹೇಳಿರ್ಲಿಲ್ವಾ?"

"ಹೇಳಿದ್ರು. ಯಾವ ಕಡೆಯಿಂದ ಬೀದಿಗೆ ಬಂದ್ರೆ ಎಡ ಅಂತ ಹೇಳಿರ್ಲಿಲ್ಲ."

ಕಂಡಕ್ಟರ್ ನಗು ತಡೆಯಲಾರದೆ ಕೆಮ್ಮಿದ. ಇನ್‌ಸ್ಪೆಕ್ಟರ್ ನಗಲಿಲ್ಲ.

"ಒಳಗೆ ಯಾರಿದಾರೆ ಅಂತ ನೋಡೋದಲ್ವಾ?"

"ಹೊರಗಿಂದ ಚಿಲಕ ಹಾಕಿತ್ತು ಸಾರ್. ಬಡಿದೆ, ಕೂಗಿದೆ. ಹೊರಗಿಂದ ಚಿಲಕ ಇದ್ರೆ ಒಳಗೆ ಯಾರಿರ್ತಾರೆ?"

"ಆ ಯಜಮಾನರಿಗೆ ಕಿವಿ ಕೇಳಲ್ಲ," ಎಂದ ಅಂಗಡಿಯವನು. "ತಲೆ ಮೇಲೆ ಸಿಡಿಲು ಬಿದ್ರೂ ಏನಪ್ಪಾ ಅಂತ ಕೇಳೋರು."

ಎರಡನೇ ಏಟಿಗೆ ಮುಂದಿನ ಗೋಡೆಯ ಹಿಂದೆಯೇ ಇಡೀ ಮನೆ ಕುಸಿದಾಗ ಒಳಗಿನಿಂದ ನರಳಾಟ ಕೇಳಿಸಿ ಯಂತ್ರ ನಿಲ್ಲಿಸಿದೆವು ಎಂದು ಮೇಸ್ತ್ರಿ ಹೇಳಿದ. ಅಷ್ಟರಲ್ಲಿ ಬೀದಿ ತುದಿಯಿಂದ ಒಬ್ಬ ಓಡಿ ಬಂದು ಬರಿಗೈಲಿ ಇಟ್ಟಿಗೆ ಬಗೆಯತೊಡಗಿದ. ಪಿಕಾಸಿ ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಮುದುಕನನ್ನು ಹೊರಗೆ ತೆಗೆದದ್ದು ಅವನೇ.

"ಯಾರವನು?"

"ಗೊತ್ತಿಲ್ಲ. ಅಪ್ಪಾ ಅಪ್ಪಾ ಅಂತಿದ್ದ. ಎಲ್ರೂ ಹಾಗೇ ಅಂತಾರಲ್ಲ ಸಾರ್, ಅಂಥ ಹೊತ್ತಲ್ಲಿ."

ಬಾಗಿಲು ಗೋಡೆಯ ಕೆಳಗೆ ಸಿಕ್ಕಿತು. ನಾಲ್ಕು ಜನ ಹಿಡಿದು ಎತ್ತಿ ನಿಲ್ಲಿಸಿದರು. ಗಟ್ಟಿ ಮರ, ಬಿದ್ದರೂ ಸೀಳಿರಲಿಲ್ಲ. ಬಾಗಿಲಿಗೆಲ್ಲ ಹಸಿರು ಬಣ್ಣ. ನಡುವೆ ತಟ್ಟೆಯಗಲದ ಕೆಂಪು ಸುತ್ತು, ಅದಕ್ಕೆ ಅಡ್ಡ ಒಂದು ಗೀಟು. ಕಚೇರಿಯ ಗುರುತೇ, ಅನುಮಾನವಿಲ್ಲ.

"ಗುರುತು ಬಳಿಯೋನು ಎಡವಟ್ಟು ಮಾಡಿದಾನೆ. ಮುಗೀತಲ್ಲ," ಎಂದ ಇನ್‌ಸ್ಪೆಕ್ಟರ್. ಮುಗಿದರೆ ಸಾಕು ಎನ್ನುವ ದನಿಯಿತ್ತು ಅದರಲ್ಲಿ.

ಟೀಚರಮ್ಮ ಬಾಗಿಲ ಹತ್ತಿರ ಬಗ್ಗಿದಳು. ಕೆಂಪು ಸುತ್ತು ಹಸಿರಿನ ಮೇಲೆ ಇರಲಿಲ್ಲ. ಹಸಿರಿನ ಕೆಳಗಿತ್ತು. ಗುರುತಿನ ಸುತ್ತಮುತ್ತ ಮಾತ್ರ ಹಸಿರು ಕಲಸಿಹೋಗಿ ಒರಟಾಗಿ ಅಳಿದಿತ್ತು. ಅಂಚಿನಲ್ಲಿ ಬೆರಳಿಟ್ಟರೆ ಇನ್ನೂ ಅಂಟುತ್ತಿತ್ತು. ಅವಳು ಬೆರಳು ಮೂಸಿ ಇನ್‌ಸ್ಪೆಕ್ಟರನ ಮೂಗಿನ ಹತ್ತಿರ ಹಿಡಿದಳು.

"ಥಿನ್ನರ್ ಸಾರ್. ಗುರುತು ಮೊದ್ಲೇ ಇತ್ತು. ಅದರ ಮೇಲೆ ಹಸಿರು ಬಳಿದಿದಾರೆ. ಇವತ್ತು ಯಾರೋ ಹಸಿರು ಉಜ್ಜಿ ಗುರುತು ಕಾಣೋ ಹಾಗೆ ಮಾಡಿದಾರೆ."

ಇನ್‌ಸ್ಪೆಕ್ಟರ್ ತಾನೂ ಅಂಚಿನಲ್ಲಿ ಬೆರಳಿಟ್ಟು ನೋಡಿದ.

"ನಿನ್ನ ಕಣ್ಣಿಗೆ ಇಷ್ಟು ಬೇಗ ಯಾಕಮ್ಮ ಬೀಳತ್ತೆ ಎಲ್ಲ," ಎಂದ. "ಬರಿ. ಪಂಚನಾಮೆಲಿ ಇದು ಬರ್ಲಿ. ಇಬ್ಬರ ಸಹಿನೂ ಹಾಕಿಸು."

ಮುಂದಿನ ಮನೆಯ ಇಸ್ತ್ರಿಯವನು ಕೇಳುವ ಮೊದಲೇ ಹೇಳಿದ. ಇದ್ದಿಲು ಕೆಂಪಾಗಿಸುವ ಹೊತ್ತಿನಲ್ಲಿ, ಯಂತ್ರ ಬೀದಿಗೆ ಬರುವ ಸ್ವಲ್ಪ ಮುಂಚೆ, ಒಬ್ಬ ಟೈಲರಮ್ಮನ ಬಾಗಿಲು ಒರೆಸುತ್ತಿದ್ದ. "ಆಕೆ ಭಾವ. ಗಂಡನ ಅಣ್ಣ. ಆ ಬಾಗ್ಲು ಕೂರಿಸ್ಕೊಟ್ಟಿದ್ದೇ ಅವ್ರು. ಎಷ್ಟು ಮುತುವರ್ಜಿ ಅನ್ಕೊಂಡು ಸುಮ್ನಾದೆ."

ಟೈಲರಮ್ಮ ಆಸ್ಪತ್ರೆಯ ಮೊಗಸಾಲೆಯಲ್ಲಿ ಸಿಕ್ಕಳು. ಮುದುಕನ ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಮತ್ತೆ ನಡೆಯುವ ಮಾತನ್ನು ಡಾಕ್ಟರು ಎತ್ತಿರಲಿಲ್ಲ.

"ಬಾಗ್ಲು ಎಲ್ಲಿಂದ ಬಂತಮ್ಮ?"

"ಭಾವ ಕೊಟ್ಟಿದ್ದು. ನಮ್ಮದು ಗೆದ್ದಲು ಹಿಡಿದಿತ್ತು. ಅವ್ರ ಹಳೇ ಮನೆ ಬಾಗ್ಲು ಶೆಡ್ಡಲ್ಲಿ ಸುಮ್ನೆ ಗೋಡೆಗೊರಗಿತ್ತಂತೆ. ಹೋದ ತಿಂಗಳು ತಾವೇ ಹೊತ್ಕೊಂಡು ಬಂದು ಕೂರಿಸಿದ್ರು. ನಾಲ್ಕು ವರ್ಷದಲ್ಲಿ ಮೊದ್ಲನೇ ಸಲ ನಮ್ಮನೇಲಿ ಟೀ ಕುಡಿದ್ರು."

"ಗುರುತು ಇತ್ತಾ ಅದರ ಮೇಲೆ?"

"ಇತ್ತು. ಏನ್ ಭಾವ ಇದು ಅಪಶಕುನ ಅಂದೆ. ನಕ್ಕು, ಬಣ್ಣ ತಂದಿದೀನಿ ಮುಚ್ಚೋಣ ಅಂದ್ರು. ಇಬ್ರೂ ಸೇರಿ ಬಳಿದ್ವಿ. ಕೆಳಗಡೆ ಅರ್ಧ ನಾನು, ಮೇಲಿನ ಅರ್ಧ ಅವ್ರು."

"ಹೊರಗಿಂದ ಚಿಲಕ ಯಾಕೆ ಹಾಕಿದ್ರಿ?"

"ಎದ್ದು ಬಾಗ್ಲು ಹಾಕ್ಕೊಳೋಕೆ ಮಾವನ ಕೈಲಿ ಆಗಲ್ಲ. ಮಂಗಳವಾರ ಅವ್ರನ್ನ ಕಾಲಿನ ಹುಣ್ಣಿನ ಡ್ರೆಸಿಂಗಿಗೆ ಕರ್ಕೊಂಡು ಹೋಗ್ಬೇಕಿತ್ತು. ಪ್ರತಿ ಮಂಗಳವಾರ ಹೋಗ್ತೀವಿ. ಇವತ್ತು ಡಾಕ್ಟರ್ ರಜ ಅಂದ್ರು. ಅದಕ್ಕೇ ಅವ್ರನ್ನ ಬಿಟ್ಟು ನಾನೊಬ್ಳೇ ಬಟ್ಟೆ ಕೊಟ್ಟು ಬರೋಕೆ ಹೋದೆ." ಅವಳು ತಲೆಯೆತ್ತಿದಳು. "ಯಾಕೆ ಇದನ್ನೆಲ್ಲ ಕೇಳ್ತಿದೀರಿ?"

ಇನ್‌ಸ್ಪೆಕ್ಟರ್ ಟೀಚರಮ್ಮನ ಮುಖ ನೋಡಿದ. ಟೀಚರಮ್ಮ ಹೇಳಿದಳು. ಕೇಳಿದವಳು ಅಳಲಿಲ್ಲ, ಬೈಯಲಿಲ್ಲ.

"ಇಲ್ಲ," ಎಂದಳು. "ಇರ್ಲಾರದು. ಅವ್ರೇ ಅಲ್ವಾ ಮಾವನ್ನ ಹೊರಗೆ ತೆಗೆದಿದ್ದು?"

ಒಳಗೆ ಮುದುಕ ಎಚ್ಚರವಾಗಿದ್ದ. ಸಮವಸ್ತ್ರ ಕಂಡು ಯಾವುದೋ ಸರಕಾರಿ ಕಚೇರಿಯವರು ಎಂದುಕೊಂಡ.

"ನಮ್ಮ ದೊಡ್ಡವನಿಗೆ ಮನೆ ಬಂತೇನಪ್ಪ?" ಎಂದು ಗಟ್ಟಿಯಾಗಿ ಕೇಳಿದ.

ಉತ್ತರ ಕೊಟ್ಟರೂ ಅವನಿಗೆ ಕೇಳಿಸುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಹೊದಿಕೆ ಸರಿ ಮಾಡಿ ಹೊರಗೆ ಬಂದ.

ಬುಧವಾರ ಬೆಳಿಗ್ಗೆ ಅವನು ಮೂರನೇ ಮಹಡಿ ಹತ್ತಿದ. ಯೋಜನಾಧಿಕಾರಿಯ ಕೋಣೆಯ ನಡುವೆ ಮುಂದಿನ ನಗರದ ಮಾದರಿಯಿತ್ತು. ಬೆಂಕಿಪೊಟ್ಟಣದಷ್ಟು ಮನೆಗಳು, ಸ್ಪಂಜಿನ ಮರಗಳು, ನೀಲಿ ಗಾಜಿನ ಕೆರೆ. ಮರದ ಕೆಳಗೆ ಉಗುರಿನಷ್ಟು ಎತ್ತರದ ಜನ ಅಡ್ಡಾಡುತ್ತಿದ್ದರು. ಅವರಿಗೆ ಮುಖವಿರಲಿಲ್ಲ. ಯಾರ ಕೈಯಲ್ಲೂ ಕೊಡಪಾನವಿರಲಿಲ್ಲ.

"ಬಿದ್ದ ಮನೆ ಎಲ್ಲಿದೆ ಇದರಲ್ಲಿ?"

ಅಧಿಕಾರಿ ಬೆಳಕಿನ ಕಡ್ಡಿಯಿಂದ ತೋರಿಸಿದ. ಕೆಂಪು ಚುಕ್ಕೆ ಒಂದು ಎತ್ತರದ ಕಟ್ಟಡದ ಮೇಲೆ ನಿಂತಿತು. "ಇಲ್ಲಿ ಈ ಬ್ಲಾಕ್ ಬರತ್ತೆ. ಈಗ ಶೆಡ್ಡಲ್ಲಿರೋರಿಗೆ ಕೊಡೋ ಮನೆಗಳು ಇವೇ."

"ಯಾವಾಗ ಬರತ್ತೆ?"

"ಬಲಬದಿಯವರು ಒಪ್ಪಿದ ಮೇಲೆ. ನಿಂತಿರೋ ಮನೆಯವರೆಲ್ಲ ಒಪ್ಪಬೇಕು ಅಂತ ನಿಯಮ. ಒಬ್ಬರು ಬೇಡ ಅಂದ್ರೂ ಕಟ್ಟೋ ಹಾಗಿಲ್ಲ."

"ಎಷ್ಟು ಜನ ಬೇಡ ಅಂದಿದಾರೆ?"

"ಒಬ್ರೇ."

"ಟೈಲರಮ್ಮ."

"ಆಯಮ್ಮಂಗೆ ಐದನೇ ಮಹಡೀಲಿ ಮನೆ ಕೊಡ್ತೀವಿ ಅಂದ್ವಿ. ಝಿಪ್ ಹಾಕ್ಸೋಕೆ ಐದು ಮಹಡಿ ಯಾರು ಹತ್ತಿ ಬರ್ತಾರೆ, ನಮ್ಮ ಮಾವ ಯಾವತ್ತು ಇಳಿದು ಬೀದಿ ನೋಡ್ತಾರೆ ಅಂತ ನನ್ನನ್ನೇ ಕೇಳ್ತಾಳೆ. ನಗರ ಯೋಜನೆ ಝಿಪ್ಪಿನ ಮೇಲೆ ನಡೆಯತ್ತಾ ಹೇಳಿ?"

"ಈಗ ಮನೆ ನಿಂತಿಲ್ವಲ್ಲ ಸಾರ್. ಈಗ ಅವಳು ಬೇಡ ಅಂದ್ರೆ?"

ಅಧಿಕಾರಿ ಕನ್ನಡಕ ತೆಗೆದು ಒರೆಸಿದ. "ತಾಂತ್ರಿಕವಾಗಿ ಹೇಳೋದಾದ್ರೆ, ಮನೆ ಇರೋವರೆಗೆ ಮಾಲೀಕರು. ಬಿದ್ದ ಮೇಲೆ ಫಲಾನುಭವಿ. ಫಲಾನುಭವಿಗಳ ಒಪ್ಪಿಗೆ ಕೇಳೋ ಪದ್ಧತಿ ಇಲ್ಲ."

"ತಪ್ಪಿ ಬಿದ್ರೂ?"

"ತಪ್ಪಿ ಬಿದ್ರೆ ಪರಿಹಾರ ಕೊಡ್ತೀವಿ."

"ಬೇಕು ಅಂತ ಬೀಳ್ಸಿದ್ರೆ?"

ಬೆಳಕಿನ ಕಡ್ಡಿ ಆರಿತು. "ಅದು ಅಪರಾಧ ಅಂತಾದ್ರೆ ಕೋರ್ಟ್ ತೀರ್ಮಾನ ಆಗೋವರೆಗೆ ಮನೆ ನಿಂತಿದೆ ಅಂತಲೇ ಲೆಕ್ಕ. ಆದ್ರೆ ಇದು ತಪ್ಪೇ ಅಲ್ವಾ ಇನ್‌ಸ್ಪೆಕ್ಟರೇ? ತಪ್ಪಾಗಿದೆ ಅಂತ ನಾವೇ ಒಪ್ಕೋತಿದೀವಲ್ಲ."

ಇಷ್ಟು ವರ್ಷದ ನೌಕರಿಯಲ್ಲಿ ತಪ್ಪು ಒಪ್ಪಿಕೊಳ್ಳಲು ಇಷ್ಟು ಆತುರಪಟ್ಟ ಕಚೇರಿಯನ್ನು ಇನ್‌ಸ್ಪೆಕ್ಟರ್ ನೋಡಿರಲಿಲ್ಲ. ಮೆಟ್ಟಿಲಿಳಿಯುವಾಗ ಅವನ ಮೊಣಕಾಲು ನೋಯುತ್ತಿತ್ತು. ಲಿಫ್ಟು ಅಧಿಕಾರಿಗಳಿಗೆ ಮಾತ್ರ ಎಂದು ಬೋರ್ಡು ಹಾಕಿದ್ದರು.

ಶೆಡ್ಡುಗಳು ಊರ ಹೊರಗೆ, ಕಸದ ಲಾರಿಗಳು ತಿರುಗುವ ಕಡೆ ಇದ್ದವು. ಆರು ತಿಂಗಳಿಗೆಂದು ಹಾಕಿದ ತಗಡುಗಳು ನಾಲ್ಕು ವರ್ಷಕ್ಕೆ ತುಕ್ಕು ಹಿಡಿದು ತೂತಾಗಿದ್ದವು. ಒಂದು ಸಾಲಿಗೆ ಒಂದು ನಲ್ಲಿ. ನಲ್ಲಿ ಮುಂದೆ ಕೊಡಪಾನಗಳ ಸರದಿ, ಒಂದೊಂದಕ್ಕೂ ಗುರುತಿಗೆ ಒಂದೊಂದು ಬಣ್ಣದ ಚಿಂದಿ ಕಟ್ಟಿತ್ತು. ಎಲ್ಲಕ್ಕಿಂತ ಕೊನೆಯ ಕೊಡಪಾನ ಸಾಲಿನಿಂದ ಒಂದು ಮಾರು ದೂರವಿತ್ತು, ಸಾಲಿಗೆ ಸೇರಿಯೂ ಸೇರದ ಹಾಗೆ.

"ಯಾರದದು?" ಎಂದು ಟೀಚರಮ್ಮ ಕೇಳಿದಳು.

"ಪೇಂಟರ್ ಹೆಂಡ್ತೀದು," ಎಂದಳು ನಲ್ಲಿ ಮುಂದಿದ್ದವಳು. "ಅವ್ರ ಮನೆಯವ್ರಿಂದ ತಾನೇ ನಾವೆಲ್ಲ ಇಲ್ಲಿ ಬೇಯ್ತಿರೋದು. ಕೊನೇಲಿ ಹಿಡೀಲಿ."

ಪೇಂಟರ್, ಅಂದರೆ ಟೈಲರಮ್ಮನ ಭಾವ, ಶೆಡ್ಡಿನೊಳಗೆ ನೆಲದ ಮೇಲೆ ಕೂತಿದ್ದ. ಹತ್ತು ಬೆರಳಿಗೂ ಬಟ್ಟೆ ಸುತ್ತಿತ್ತು. ಹೆಂಡತಿ ಅವನಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಪೊಲೀಸರನ್ನು ಕಂಡು ಅವಳು ತಟ್ಟೆ ಪಕ್ಕಕ್ಕಿಟ್ಟಳು. ಒಳಗೆ ಒಲೆಯ ಹಾಗೆ ಕಾವಿತ್ತು.

"ನಿನ್ನೆ ಬೆಳಿಗ್ಗೆ ಎಲ್ಲಿದ್ದೆ?" ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತು ಕೇಳಿದ.

"ಗ್ಯಾರೇಜಲ್ಲಿ. ಒಂದು ವ್ಯಾನಿಗೆ ಬಣ್ಣ ಹೊಡೀತಿದ್ದೆ."

"ಗ್ಯಾರೇಜ್ ಎಲ್ಲಿರೋದು?"

"ಬೈಪಾಸ್ ಹತ್ರ."

"ಗೋದಾಮು ಬೀದಿಗೆ ಎಷ್ಟು ದೂರ?"

ಅವನು ಪಕ್ಕಕ್ಕಿಟ್ಟ ತಟ್ಟೆಯ ಕಡೆ ನೋಡಿದ.

"ಗೋಡೆ ಬಿದ್ದ ತಕ್ಷಣ ಬೀದಿ ತುದಿಯಿಂದ ಓಡಿ ಬಂದೆಯಂತೆ. ಬೈಪಾಸಿಂದ ಹಾರಿ ಬಂದ್ಯಾ?"

"ಕೆಲ್ಸಕ್ಕೆ ಹೋಗೋ ದಾರಿ ಸಾರ್ ಅದು."

"ಅಲ್ಲಪ್ಪ. ಅದಕ್ಕೆ ಮುಂಚೆ ಬಾಗ್ಲು ಒರೆಸ್ತಿದ್ದೆ. ಇಸ್ತ್ರಿಯವನು ನೋಡಿದಾನೆ."

"ಒರೆಸಿದ್ರೆ ತಪ್ಪಾ? ನಾನು ಕೊಟ್ಟ ಬಾಗ್ಲು."

"ಯಾವುದರಲ್ಲಿ ಒರೆಸ್ದೆ?"

ಟೀಚರಮ್ಮ ಮೂಲೆಯಲ್ಲಿದ್ದ ಬಣ್ಣದ ಡಬ್ಬಗಳ ಕಡೆ ಹೋದಳು. ಥಿನ್ನರ್ ಬಾಟಲಿ ಅಲ್ಲೇ ಇತ್ತು. ಅದರ ಕುತ್ತಿಗೆಗೆ ಸುತ್ತಿದ್ದ ಚಿಂದಿಯಲ್ಲಿ ಹಸಿರು. ಅವಳು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಅಡಗಿಸಿಡುವ ಯೋಚನೆ ಕೂಡ ಅವನಿಗೆ ಬಂದಿರಲಿಲ್ಲ.

"ಏನ್ರೀ ಇದು?" ಎಂದಳು ಹೆಂಡತಿ. ಅವಳಿಗೆ ಗೊತ್ತಿರಲಿಲ್ಲ ಎಂಬುದು ಅವಳ ಮುಖದಲ್ಲೇ ಇತ್ತು. "ಏನ್ರೀ, ಮಾತಾಡ್ರೀ."

ಅವನು ಹೆಂಡತಿಯ ಕಡೆ ನೋಡಲಿಲ್ಲ.

"ಚಿಲಕ ಹೊರಗಿಂದ ಹಾಕಿತ್ತು ಸಾರ್," ಎಂದ. "ಮಂಗಳವಾರ. ಡ್ರೆಸಿಂಗಿಗೆ ಹೋಗಿದಾರೆ ಅನ್ಕೊಂಡೆ."

ಮಧ್ಯಾಹ್ನ ಅವನನ್ನು ದಸ್ತಗಿರಿ ಮಾಡಿ ಜೀಪಿಗೆ ಹತ್ತಿಸಿದರು. ಬಟ್ಟೆ ಸುತ್ತಿದ ಕೈಗಳಿಗೆ ಬೇಡಿ ಹಾಕಲು ಹೋದ ಪೇದೆಯನ್ನು ಇನ್‌ಸ್ಪೆಕ್ಟರ್ ತಡೆದ. ನಲ್ಲಿ ಮುಂದಿನ ಸಾಲು ಚದುರಿ ಜೀಪಿನ ಸುತ್ತ ಸೇರಿತು. ಯಾರೋ ಕೇಳಿದರು: "ಹಾಗಾದ್ರೆ ಮನೆ ಬಿದ್ದಿದ್ದು ನಿಜವಾ? ಇನ್ನು ನಮ್ಮ ಬ್ಲಾಕ್ ಶುರುವಾಗತ್ತಾ?"

ಠಾಣೆಯಲ್ಲಿ ಯಾರೂ ಬಡಿಯದೆ, ಬೆದರಿಸದೆ ಅವನು ಎಲ್ಲ ಹೇಳಿದ. ಹೇಳಿ ಮುಗಿಸುವ ಆತುರ ಮಾತ್ರ ಇತ್ತು.

ಮೊದಲ ಹಂತದಲ್ಲಿ ಅವನ ಪೇಟೆ ಕೆಡವುವಾಗ ಬಾಗಿಲುಗಳ ಮೇಲೆ ಗುರುತು ಬಳಿಯಲು ಕಚೇರಿ ಅವನನ್ನೇ ದಿನಗೂಲಿಗೆ ಹಿಡಿದಿತ್ತು. ಇಡೀ ಪೇಟೆಗೆ ಬಳಿದ. ತನ್ನ ಬಾಗಿಲಿಗೂ ತಾನೇ ಬಳಿದ. ಗುರುತಿದ್ದರೆ ನಕ್ಷೆಯನ್ನು ಯಾರೂ ಬಿಚ್ಚುವುದಿಲ್ಲ ಎಂಬುದನ್ನು ಆಗ ಕಣ್ಣಾರೆ ಕಂಡಿದ್ದ. ಯಂತ್ರ ಬರುವ ಮೊದಲು ಬಾಗಿಲನ್ನು ಬಿಚ್ಚಿ ಶೆಡ್ಡಿಗೆ ಹೊತ್ತುಕೊಂಡು ಹೋದ. ಶೆಡ್ಡಿನ ಕಂಡಿ ಚಿಕ್ಕದು, ಬಾಗಿಲು ಹಿಡಿಸಲಿಲ್ಲ.

"ಬಾಗ್ಲು ಕೊಡೋವಾಗ್ಲೇ ಇದು ಮನಸ್ಸಲ್ಲಿತ್ತಾ?" ಎಂದು ಟೀಚರಮ್ಮ ಕೇಳಿದಳು.

"ಇತ್ತು."

"ಆಮೇಲೆ ಮುಚ್ಚಿದ್ಯಲ್ಲ, ಬಣ್ಣ ಬಳಿದು?"

"ಅವಳು ಕೇಳಿದ್ಲು. ಟೀ ಬೇರೆ ಕೊಟ್ಟಿದ್ಲು. ಆವತ್ತು ಬೇಡ ಅನ್ನಿಸ್ತು ಮೇಡಂ. ಬಣ್ಣ ಬಳಿಯೋವಾಗ ನಿಜವಾಗ್ಲೂ ಬೇಡ ಅನ್ನಿಸ್ತು."

"ಮತ್ತೆ?"

ಅವನು ಸುತ್ತಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡ.

"ತಿಂಗಳಿಗೊಂದು ಸಭೆ ಮಾಡ್ತಾರೆ ಶೆಡ್ ಹತ್ರ. ಪರದೆ ಮೇಲೆ ಊರಿನ ಚಿತ್ರ ಬಿಡ್ತಾರೆ. ಸಾಹೇಬ್ರು ಬೆಳಕಿನ ಕಡ್ಡಿ ಹಿಡ್ಕೊಂಡು, ನಿಮ್ಮನೆ ತಡ ಆಗ್ತಿರೋದು ನಮ್ಮಿಂದ ಅಲ್ಲ, ಈ ಒಂದು ಮನೆಯಿಂದ ಅಂತಾರೆ. ಆ ಕೆಂಪು ಚುಕ್ಕೆ ನಮ್ಮ ತಮ್ಮನ ಮನೆ ಮೇಲೆ ನಿಲ್ಲತ್ತೆ. ನಾನೂ ನಮ್ಮಪ್ಪನೂ ತಲೆ ಮೇಲೆ ಇಟ್ಟಿಗೆ ಹೊತ್ತು ಕಟ್ಟಿದ ಮನೆ ಅದು. ಚುಕ್ಕೆ ನಿಂತ್ಮೇಲೆ ಸಭೇಲಿರೋರೆಲ್ಲ ಪರದೆ ಬಿಟ್ಟು ತಿರುಗಿ ನನ್ನ ಮುಖ ನೋಡ್ತಾರೆ. ಪ್ರತಿ ತಿಂಗಳೂ. ಆಮೇಲೆ ನನ್ನ ಹೆಂಡ್ತಿ ಕೊಡಪಾನ ಸಾಲಿಂದ ಆಚೆ ಇಡೋಕೆ ಶುರು ಮಾಡಿದ್ರು. ಅವಳಿಗೆ ಮಾತಾಡ್ಸೋರಿಲ್ಲ. ಹುಷಾರಿಲ್ದೆ ಮಲಗಿದಾಗ ಒಂದು ಲೋಟ ಬಿಸಿನೀರು ಕೊಟ್ಟೋರಿಲ್ಲ. ಹೋದ ವಾರ ಮತ್ತೆ ಸಭೆ ಆಯ್ತು. ಮಂಗಳವಾರ ಗೋದಾಮು ಬೀದಿಗೆ ಯಂತ್ರ ಬರತ್ತೆ ಅಂತ ಅಲ್ಲೇ ಹೇಳಿದ್ರು."

ಟೀಚರಮ್ಮನ ಪೆನ್ನು ನಿಂತಿತ್ತು.

"ನಿನ್ನ ತಮ್ಮನ ಹೆಂಡ್ತೀನ ಕೇಳ್ಬಹುದಿತ್ತಲ್ಲ, ಒಪ್ಕೋ ಅಂತ?" ಎಂದ ಇನ್‌ಸ್ಪೆಕ್ಟರ್.

"ಏನಂತ ಕೇಳ್ಲಿ? ಅವಳು ಹೇಳೋದು ಸರಿಯಾಗೇ ಇತ್ತು."

ಬೀದಿ ತುದಿಯಲ್ಲಿ ಯಾಕೆ ನಿಂತಿದ್ದೆ ಎಂದು ಕೇಳಿದಾಗ, ಬೀಳುವುದನ್ನು ನೋಡದೆ ಹೋಗುವುದು ಸರಿ ಅನ್ನಿಸಲಿಲ್ಲ ಎಂದ. ಟೀಚರಮ್ಮ ಅದನ್ನೂ ಹಾಗೇ ಬರೆದುಕೊಂಡಳು.

ಸಂಜೆ ಐದರ ಹೊತ್ತಿಗೆ ಯೋಜನಾಧಿಕಾರಿ ಠಾಣೆಗೆ ಬಂದ. ಅವನಿಗಿಂತ ಮೊದಲೇ ಇನ್‌ಸ್ಪೆಕ್ಟರನ ಮೇಲಧಿಕಾರಿಯ ಫೋನು ಬಂದಿತ್ತು. ಊರಿನ ಅಭಿವೃದ್ಧಿ ಒಂದು ಬಾಗಿಲಿಗೆ ನಿಲ್ಲಬಾರದು; ಅಚಾತುರ್ಯ ಅಂತ ಬರಿ, ಆ ಬಡಪಾಯಿಯನ್ನೂ ಮನೆಗೆ ಕಳಿಸು, ಎಲ್ಲರಿಗೂ ಒಳ್ಳೆಯದು. ಪಂಚನಾಮೆಯಲ್ಲಿ ಥಿನ್ನರ್ ಅಂತ ಬಂದಿದೆ ಸಾರ್ ಎಂದು ಇನ್‌ಸ್ಪೆಕ್ಟರ್ ಹೇಳಿ ನೋಡಿದ. ಬಂದರೆ ಬರಲಿ, ಬಾಗಿಲು ತೊಳೆಯುವಾಗ ಬಣ್ಣ ಹೋಯಿತು ಅಂತ ಅವನೇ ಹೇಳಿದರೆ ಪಂಚನಾಮೆ ಏನು ಮಾಡುತ್ತದೆ? ಇನ್‌ಸ್ಪೆಕ್ಟರ್ 'ಸರಿ ಸಾರ್' ಎಂದಿದ್ದ. ಆ ಎರಡು ಪದ ಅವನ ಬಾಯಿಗೆ ಅಭ್ಯಾಸವಾಗಿ ಬಹಳ ವರ್ಷವಾಗಿತ್ತು.

ಅಧಿಕಾರಿ ಟೈಪ್ ಮಾಡಿಸಿ ತಂದ ಹೇಳಿಕೆಯನ್ನು ಮೇಜಿನ ಮೇಲಿಟ್ಟ. ಪೇಂಟರನನ್ನು ಒಳಗೆ ಕರೆಸಿದರು.

"ಕೂತ್ಕೋ," ಎಂದ ಅಧಿಕಾರಿ. "ನೀನು ಕೆಟ್ಟೋನಲ್ಲ, ನನಗೆ ಗೊತ್ತು. ಹಳೇ ಬಾಗ್ಲು ಕೊಟ್ಟೆ. ಗುರುತು ಪೂರ್ತಿ ಮುಚ್ಚೋದು ಮರೆತೆ. ಮಂಗಳವಾರ ಧೂಳು ಒರೆಸೋವಾಗ ಗುರುತು ಕಾಣಿಸ್ಕೊಂಡಿದೆ, ನೀನು ಗಮನಿಸಿಲ್ಲ. ಅಷ್ಟೇ. ಇದಕ್ಕೆ ಸಹಿ ಹಾಕಿದ್ರೆ ಕೇಸೇ ಇಲ್ಲ, ಈಗ್ಲೇ ಹೊರಡ್ಬಹುದು. ಮುಂದಿನ ತಿಂಗಳು ಬ್ಲಾಕಿನ ಕೆಲಸ ಶುರು. ಕೆಳಗಿನ ಮಹಡೀಲಿ ಮೊದಲ್ನೇ ಮನೆ ನಿಂದು. ನಿಮ್ಮಪ್ಪನಿಗೂ ಅನುಕೂಲ."

"ಅವಳಿಗೆ?"

"ಯಾರಿಗೆ?"

"ನಮ್ಮ ತಮ್ಮನ ಹೆಂಡ್ತಿಗೆ."

"ಪರಿಹಾರ ಕೊಡ್ತೀವಿ. ಅಲ್ಲೀವರೆಗೆ ಶೆಡ್ಡಲ್ಲಿ ಒಂದು ಜಾಗ ಮಾಡ್ಕೊಡ್ತೀವಿ."

ಪೇಂಟರ್ ಇನ್‌ಸ್ಪೆಕ್ಟರನ ಕಡೆ ತಿರುಗಿದ. "ಬೇಕು ಅಂತ ಮಾಡ್ದೆ ಅಂದ್ರೆ ಏನಾಗತ್ತೆ ಸಾರ್?"

ಇನ್‌ಸ್ಪೆಕ್ಟರ್ ಅಧಿಕಾರಿಯ ಮುಖ ನೋಡದೆ ಹೇಳಿದ. "ನೀನು ಜೈಲಿಗೆ ಹೋಗ್ತೀಯ. ಎಷ್ಟು ದಿನ ಅಂತ ನಾನು ಹೇಳೋಕಾಗಲ್ಲ. ಅವಳ ಮನೆ ನಿಂತಿದೆ ಅಂತ ಲೆಕ್ಕ. ಅವಳು ಬೇಡ ಅಂದ್ರೆ ಬೇಡವೇ. ಬ್ಲಾಕ್ ಏಳಲ್ಲ. ನಿನ್ನ ಹೆಂಡ್ತಿ ಶೆಡ್ಡಲ್ಲೇ ಇರ್ತಾಳೆ."

"ಇನ್‌ಸ್ಪೆಕ್ಟರೇ," ಎಂದ ಅಧಿಕಾರಿ.

"ಕೇಳ್ದ, ಹೇಳ್ದೆ ಸಾರ್."

ಟೀಚರಮ್ಮ ಪೆನ್ನನ್ನು ಅವನ ಮುಂದಿಟ್ಟಳು. "ಓದ್ಕೊಂಡು ಹಾಕಪ್ಪ," ಎಂದಳು. "ಓದ್ದೆ ಹಾಕ್ಬೇಡ."

ಅವನು ಓದಿದ. ಪ್ರತಿ ಸಾಲನ್ನೂ ತುಟಿ ಅಲುಗಿಸುತ್ತ, ನಿಧಾನವಾಗಿ ಓದಿದ. 'ಮರೆತೆ' ಎಂಬಲ್ಲಿ ನಿಂತ. ಹೊರಗೆ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಒಬ್ಬಳು ಅವನ ಹೆಂಡತಿ. ಇನ್ನೊಬ್ಬಳು ಆಸ್ಪತ್ರೆಯಿಂದ ಬಂದವಳು. ಅವನು ಬಾಗಿಲ ಸಂದಿಯಿಂದ ಇಬ್ಬರನ್ನೂ ನೋಡಿದ. ಅವರಿಬ್ಬರೂ ಒಳಗೆ ನೋಡುತ್ತಿರಲಿಲ್ಲ.

"ಮರೆತಿಲ್ಲ ಸಾರ್," ಎಂದ.

"ಅದು ಬರೀ ಒಂದು ಮಾತಪ್ಪ. ಬೇಕಾದ್ರೆ ಬದಲಾಯಿಸೋಣ."

"ಎಷ್ಟು ಉಜ್ಜಿದ್ರೂ ಹಸಿರು ಬೇಗ ಬರ್ಲಿಲ್ಲ. ಮೇಲಿನ ಅರ್ಧ ನಾನು ಬಳಿದಿದ್ದು, ಅದು ಬಂತು. ಕೆಳಗಡೆ ಅರ್ಧ ಅವಳು ಬಳಿದಿದ್ದು. ದಪ್ಪಗೆ ಬಳಿದಿದ್ಲು. ಅಲ್ಲಿ ನಿಂತು ಉಜ್ಜಿದೀನಿ ಸಾರ್ ನಾನು. ಹೇಗೆ ಮರೆತೆ ಅಂತ ಬರ್ಕೊಡ್ಲಿ?"

"ನಿನ್ನ ಹೆಂಡ್ತೀನ ಯೋಚ್ನೆ ಮಾಡು. ಶೆಡ್ಡಲ್ಲಿರೋ ಅಷ್ಟೂ ಜನರನ್ನ ಯೋಚ್ನೆ ಮಾಡು. ನಿನ್ನಿಂದ ಅವ್ರಿಗೆ ಮನೆ ತಪ್ಪತ್ತೆ."

"ಮೊನ್ನೆವರೆಗೆ ಅವಳಿಂದ ತಪ್ತಿತ್ತು. ಇವತ್ತಿಂದ ನನ್ನಿಂದ," ಎಂದ ಪೇಂಟರ್. ಮೊದಲ ಬಾರಿಗೆ ಅವನ ದನಿ ಏರಿತು. "ನಿಮ್ಮಿಂದ ಯಾವತ್ತು ತಪ್ಪತ್ತೆ ಸಾರ್?"

ಅಧಿಕಾರಿ ಇನ್‌ಸ್ಪೆಕ್ಟರನ ಕಡೆ ತಿರುಗಿದ. "ಸಹಿ ಹಾಕ್ಸಿ ಇನ್‌ಸ್ಪೆಕ್ಟರೇ. ನಿಮ್ಮ ಮೇಲಿನವ್ರ ಹತ್ರ ಮಾತಾಡಿದೀನಿ."

"ಹಾಕಪ್ಪ," ಎಂದ ಇನ್‌ಸ್ಪೆಕ್ಟರ್. ದಿನವಿಡೀ ನಡೆದವನ ದನಿಯಲ್ಲಿ, ಕಿಟಕಿಯ ಕಡೆ ನೋಡುತ್ತ.

ಪೇಂಟರ್ ಬಟ್ಟೆ ಸುತ್ತಿದ ಬೆರಳುಗಳಿಂದ ಹಾಳೆಯನ್ನು ಮೇಜಿನ ಆಚೆ ಬದಿಗೆ ತಳ್ಳಿದ.

"ಹಾಕಲ್ಲ," ಎಂದ.